ತೈಲ ಕೊಡದ ಹೂವಿನ ಪರಿಮಳ: ಡಿಯೊರಿಸ್ಸಿಮೊ

ಮೇ 1ರಂದು ಪ್ಯಾರಿಸ್ಸಿನ ಬೀದಿಬೀದಿಗಳಲ್ಲಿ ಮ್ಯುಗೆ ಹೂವಿನ ಕಡ್ಡಿಗಳನ್ನು ಮಾರುತ್ತಾರೆ. ಇಂಗ್ಲಿಷಿನಲ್ಲಿ ಲಿಲಿ ಆಫ್ ದ ವ್ಯಾಲಿ ಎನಿಸಿಕೊಂಡ ಈ ಹೂವನ್ನು ಅಂದು ಒಬ್ಬರಿಗೊಬ್ಬರು ಕೊಟ್ಟು ಶುಭ ಕೋರುವುದು ಫ್ರೆಂಚರ ಪದ್ಧತಿ. ನಾನೂ ಒಂದು ಕಡ್ಡಿ ಕೊಂಡು ತಂದು, ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮಣಿಕಟ್ಟಿಗೆ ಅದೇ ಹೂವಿನ ಕಂಪನ್ನು ಅನುಕರಿಸುವ, ಡಿಯೊರ್ ಸಂಸ್ಥೆಯ ಡಿಯೊರಿಸ್ಸಿಮೊ ಓ ದ ತ್ವಾಲೆತ್ (ತೆಳುವಾದ ಸುಗಂಧದ್ರವ್ಯ) ಸಿಂಪಡಿಸಿಕೊಂಡು, ಎರಡನ್ನೂ ಸರದಿಯಂತೆ ಮೂಸಿ ನೋಡಿದೆ.

ಅಗಲವಾದ ಎರಡು ಎಲೆಗಳ ನಡುವಿನಿಂದ ಎದ್ದು ಬಾಗಿದ ಆ ಕಡ್ಡಿಯಲ್ಲಿ ಕಡಲೆಕಾಳಿನಷ್ಟೇ ಗಾತ್ರದ ಹತ್ತು ಬಿಳಿ ಗಂಟೆಗಳು ಒಂದೇ ಬದಿಗೆ ತಲೆ ತಗ್ಗಿಸಿ ನೇತಾಡುತ್ತಿದ್ದವು. ಹೆಸರಿನಲ್ಲಿ ಲಿಲಿ ಇದ್ದರೂ ಸಸ್ಯಶಾಸ್ತ್ರಜ್ಞರು ಈಗ ಇದನ್ನು ನಮ್ಮ ಶತಾವರಿ, ಸುಗಂಧರಾಜಗಳ ಕುಟುಂಬಕ್ಕೆ ಸೇರಿಸಿದ್ದಾರೆ. ಆದರೆ ಇದರ ಗಂಧದಲ್ಲಿ ಸುಗಂಧರಾಜದ ಭಾರ ಎಳ್ಳಷ್ಟೂ ಇಲ್ಲ. ಮೊದಲು ಮಳೆಯಲ್ಲಿ ತೊಯ್ದ ಹಸಿ ಎಲೆಯ ವಾಸನೆ, ಅದರ ಹಿಂದೆಯೇ ನಿಂಬೆಸಿಪ್ಪೆಯ ಸುಳಿವು, ಆಮೇಲೆ ಗುಲಾಬಿಗೂ ಮಲ್ಲಿಗೆಗೂ ನಡುವೆ ನಿಲ್ಲುವ ತಣ್ಣನೆಯ ಕಂಪು.

ಗುಲಾಬಿಯನ್ನು ಭಟ್ಟಿ ಇಳಿಸಬಹುದು, ಮಲ್ಲಿಗೆಯನ್ನು ದ್ರಾವಕದಲ್ಲಿ ನೆನೆಸಿ ಸಾರ ತೆಗೆಯಬಹುದು; ಮ್ಯುಗೆ ಮಾತ್ರ ವ್ಯಾಪಾರಕ್ಕೆ ಒದಗುವಷ್ಟು ತೈಲವನ್ನು ಯಾವ ದಾರಿಯಿಂದಲೂ ಬಿಟ್ಟುಕೊಡುವುದಿಲ್ಲ. ಸುಗಂಧ ತಯಾರಕರು ಇಂಥ ಹೂಗಳನ್ನು ಮೂಕ ಹೂಗಳೆಂದು ಕರೆಯುತ್ತಾರೆ. ಆದ್ದರಿಂದ ಅಂಗಡಿಯಲ್ಲಿ ಸಿಗುವ ಮ್ಯುಗೆ ಪರಿಮಳಗಳೆಲ್ಲ ಬೇರೆ ವಸ್ತುಗಳನ್ನು ಕೂಡಿಸಿ ಕಟ್ಟಿದ ಚಿತ್ರಗಳೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ಹೈಡ್ರಾಕ್ಸಿಸಿಟ್ರೊನೆಲಾಲ್ ಎಂಬ ರಾಸಾಯನಿಕವೇ ಬಹುಕಾಲ ಅವುಗಳ ಬೆನ್ನೆಲುಬಾಗಿತ್ತು.

ಆ ಚಿತ್ರಗಳಲ್ಲಿ ಇಂದಿಗೂ ಮಾನದಂಡವೆನಿಸಿರುವುದು 1956ರಲ್ಲಿ ಸುಗಂಧ ತಯಾರಕ ಎದ್ಮೊಂ ರುದ್ನಿತ್ಸ್ಕಾ ರೂಪಿಸಿದ ಡಿಯೊರಿಸ್ಸಿಮೊ. ಡಿಯೊರ್ ಸಂಸ್ಥೆಯನ್ನು ಕಟ್ಟಿದ ಉಡುಪು ವಿನ್ಯಾಸಕ ಕ್ರಿಸ್ಟಿಯನ್ ಡಿಯೊರ್ ಅವರಿಗೆ ಮ್ಯುಗೆ ಅದೃಷ್ಟದ ಹೂವಾಗಿತ್ತು. 1954ರ ವಸಂತದ ಉಡುಪುಗಳಿಗೆ ಅದರ ಹೆಸರನ್ನೇ ಇಟ್ಟಿದ್ದರು. ರುದ್ನಿತ್ಸ್ಕಾ ಅವರಾದರೋ ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣದ ಬಳಿಯ ಕಾಬ್ರಿಯಲ್ಲಿ ತಮ್ಮ ತೋಟದಲ್ಲೇ ಈ ಗಿಡವನ್ನು ಬೆಳೆಸಿ, ಹೂವನ್ನು ಮೂಸುತ್ತ ಅಭ್ಯಾಸ ಮಾಡಿದರು. ಪರಿಮಳಗಳು ವಿಪರೀತ ಸಿಹಿಯಾಗಿದ್ದ ಕಾಲದಲ್ಲಿ ಅವರು ಬೇಡದ್ದನ್ನೆಲ್ಲ ಕಳೆದು ಸರಳತೆಯನ್ನು ಆರಿಸಿಕೊಂಡದ್ದು ನನಗೆ ದೊಡ್ಡ ಧೈರ್ಯವಾಗಿ ಕಾಣುತ್ತದೆ.

ಸಿಂಪಡಿಸಿದ ಕ್ಷಣದಲ್ಲಿ ಸೀಸೆ ಮತ್ತು ಹೂವು ಅಚ್ಚರಿಯಾಗುವಷ್ಟು ಹತ್ತಿರವಿದ್ದವು: ಅದೇ ಹಸಿರು, ಅದೇ ನೀರಿನ ತಂಪು. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ದಾರಿ ಬೇರೆಯಾಯಿತು. ಕೈಯಲ್ಲಿದ್ದ ಹೂವು ತಣ್ಣಗೇ ಉಳಿದರೆ, ಮಣಿಕಟ್ಟಿನ ಮೇಲೆ ಮಲ್ಲಿಗೆ ಮೆಲ್ಲನೆ ಮೇಲೆದ್ದಿತು. ಸಂಜೆ ಮುಡಿದು ರಾತ್ರಿ ತೆಗೆದಿಟ್ಟ ದಂಡೆಯ ಬೆಚ್ಚನೆಯ, ತುಸು ಬಾಡಿದ ವಾಸನೆ ಅದು. ಹೂವಿನಲ್ಲಿಲ್ಲದ ಈ ಮೈಬಿಸುಪೇ ಡಿಯೊರಿಸ್ಸಿಮೊವನ್ನು ಸಾಬೂನಿನ ಕಂಪಿನಿಂದ ದೂರವಿರಿಸುತ್ತದೆ, ಮತ್ತು ನನ್ನ ಮಟ್ಟಿಗೆ ಅದರ ಶ್ರೇಷ್ಠತೆ ಇರುವುದೂ ಅಲ್ಲಿಯೇ.

ಈ ಬಗೆಯ ಪರಿಮಳಗಳ ಮೇಲೆ ಈಚೆಗೆ ಕಾನೂನಿನ ಕೈಯೂ ಬಿದ್ದಿದೆ. ಮ್ಯುಗೆ ಕಂಪಿಗೆ ವ್ಯಾಪಕವಾಗಿ ಬಳಸುತ್ತಿದ್ದ ಲೈರಲ್ ಎಂಬ ರಾಸಾಯನಿಕವನ್ನು ಚರ್ಮದ ಅಲರ್ಜಿಯ ಕಾರಣಕ್ಕೆ 2021ರಲ್ಲಿಯೂ, ಲಿಲಿಯಲ್ ಎಂಬ ಇನ್ನೊಂದನ್ನು ಸಂತಾನಶಕ್ತಿಗೆ ಹಾನಿ ಮಾಡಬಹುದೆಂಬ ಕಾರಣಕ್ಕೆ 2022ರಲ್ಲಿಯೂ ಐರೋಪ್ಯ ಒಕ್ಕೂಟ ನಿಷೇಧಿಸಿತು. ಹಳೆಯ ಪರಿಮಳಗಳು ಬದಲಾದವೆಂದು ಕೊರಗುವವರಿದ್ದಾರೆ. ಮೈಗೆ ಹಚ್ಚಿಕೊಳ್ಳುವ ವಸ್ತುವಿನಲ್ಲಿ ಈ ಎಚ್ಚರ ಸರಿಯೆಂದೇ ನಾನು ಭಾವಿಸುತ್ತೇನೆ. ಹೈಡ್ರಾಕ್ಸಿಸಿಟ್ರೊನೆಲಾಲ್ ಕೂಡ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲವಾದ್ದರಿಂದ, ಸೂಕ್ಷ್ಮ ಚರ್ಮದವರು ಪೆಟ್ಟಿಗೆಯ ಮೇಲಿನ ಪಟ್ಟಿಯನ್ನು ಓದಿ ಕೊಳ್ಳುವುದು ಒಳ್ಳೆಯದು.

ಹಿಂದೊಮ್ಮೆ ಒಂದು ಅಂಗಡಿಯಲ್ಲಿ ಬಿಸಿಲು ಬೀಳುವ ಗಾಜಿನ ಕಪಾಟಿನಿಂದ ತೆಗೆದುಕೊಟ್ಟ ಬೇರೊಂದು ಮ್ಯುಗೆ ಸುಗಂಧ ಮನೆಗೆ ಬರುವಷ್ಟರಲ್ಲಿ ಹುಳಿ ವಾಸನೆ ಹೊಡೆಯುತ್ತಿತ್ತು. ಬೆಳಕು ತಾಗದಂತೆ ಪೆಟ್ಟಿಗೆಯಲ್ಲೇ ಇಟ್ಟಿದ್ದ ಸೀಸೆಯನ್ನು ಕೇಳಿ ಪಡೆಯಿರಿ, ಮನೆಯಲ್ಲಿಯೂ ಹಾಗೆಯೇ ಇಡಿ. ಕೊಳ್ಳುವ ಮುನ್ನ ಕಾಗದದ ಪಟ್ಟಿಯ ಮೇಲಲ್ಲದೆ ಕೈಯ ಮೇಲೆ ಸಿಂಪಡಿಸಿಕೊಂಡು, ಆ ಮಲ್ಲಿಗೆ ಮೇಲೇಳುವವರೆಗೆ ಅರ್ಧ ಗಂಟೆಯಾದರೂ ಕಾಯಿರಿ.