ವೀಸಾ ಇತ್ತು, ವಿಮಾನ ಹತ್ತಲು ಬಿಡಲಿಲ್ಲ

ಅಣ್ಣನ ಮಗ ಮುಂದಿನ ತಿಂಗಳು ಕೆಲಸಕ್ಕೆ ದುಬೈಗೆ ಹೊರಟಿದ್ದಾನೆ. ಮೊನ್ನೆ ಭಾಲ್ಕಿಯಿಂದ ಫೋನ್ ಮಾಡಿ, "ವೀಸಾ ಬಂದದ ಕಾಕಾ, ಇನ್ನೇನದ, ಹೋಗೋದಷ್ಟೇ" ಅಂದ. ನನ್ನ ಎದೆ ಧಸಕ್ಕೆಂದಿತು. ಇದೇ ಮಾತು ಹೇಳಿಕೊಂಡು ಹೋಗಿ, ಹೈದರಾಬಾದ್‌ನ ಶಂಶಾಬಾದ್ ವಿಮಾನ ನಿಲ್ದಾಣದಿಂದ ಪೆಟ್ಟಿಗೆ ಸಮೇತ ಹೊರಗೆ ಬಂದವನು ನಾನು. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

2021ರ ಮಾರ್ಚ್ 14ರಂದು ಅಪ್ಪನ ಆಪರೇಷನ್‌ಗೆಂದು ದುಬೈಯಿಂದ ಊರಿಗೆ ಬಂದಿದ್ದೆ. ಏಪ್ರಿಲ್ ಕೊನೆಗೆ ವಾಪಸ್ ಟಿಕೆಟ್ ಇತ್ತು. ಆದರೆ ಕೊರೊನಾ ಕಾರಣಕ್ಕೆ ಏಪ್ರಿಲ್ 24ರ ರಾತ್ರಿಯಿಂದ ಯುಎಇ, ಅಂದರೆ ದುಬೈ ಇರುವ ದೇಶ, ನಮ್ಮ ದೇಶದಿಂದ ಬರುವವರಿಗೆ ಬಾಗಿಲು ಹಾಕಿತು. ಅಲ್ಲಿನ ರೆಸಿಡೆನ್ಸ್ ವೀಸಾ (ಅಲ್ಲೇ ವಾಸ ಇರಲು ಕೊಡುವ ವೀಸಾ) ಇದ್ದವರು ಆರು ತಿಂಗಳಿಗಿಂತ ಜಾಸ್ತಿ ಹೊರಗೆ ಉಳಿದರೆ ವೀಸಾ ಹೋಗುತ್ತದೆ. ನನಗೆ ಸೆಪ್ಟೆಂಬರ್ 10ಕ್ಕೆ 180 ದಿನ ತುಂಬುತ್ತಿತ್ತು. ನಡುನಡುವೆ ಸಡಿಲಿಕೆಯ ಸುದ್ದಿ ಬರುತ್ತಿತ್ತು, ಆದರೆ ಅದನ್ನೇ ನಂಬಿ ಕೂರುವ ಧೈರ್ಯ ನನಗಿರಲಿಲ್ಲ.

ಆಗ ಸೌದಿಗೆ ಹೋಗುವವರ ಪಾಡು ಇನ್ನೂ ಕಷ್ಟವಿತ್ತು. ನೇರ ಹೋಗುವಂತಿರಲಿಲ್ಲ, ಬೇರೆ ದೇಶದಲ್ಲಿ 14 ದಿನ ಕಳೆದು ಹೋಗಬೇಕಿತ್ತು. ನಮ್ಮ ಓಣಿಯ ಇಬ್ಬರು ಕಠ್ಮಂಡು ಪ್ಯಾಕೇಜ್ ಎಂದು ಏಜೆಂಟನಿಗೆ ದುಡ್ಡು ಕಟ್ಟಿದರು. ಏಪ್ರಿಲ್ ಕೊನೆಗೆ ನೇಪಾಳ ಆ ದಾರಿಯನ್ನೂ ಮುಚ್ಚಿತು. ಕಟ್ಟಿದ ದುಡ್ಡು ಇವತ್ತಿಗೂ ಬಂದಿಲ್ಲ.

ಆಗಸ್ಟ್ 5ರಿಂದ ಯುಎಇಯವರು, ಅಲ್ಲೇ ಎರಡು ಡೋಸ್ ಲಸಿಕೆ ಹಾಕಿಸಿಕೊಂಡ ರೆಸಿಡೆನ್ಸ್ ವೀಸಾದವರನ್ನು ಒಳಗೆ ಬಿಡಲು ಶುರು ಮಾಡಿದರು. ನಾನು ದುಬೈಯಲ್ಲೇ ಹಾಕಿಸಿಕೊಂಡಿದ್ದೆ. ಜಿಡಿಆರ್‌ಎಫ್‌ಎ, ಅಂದರೆ ದುಬೈನ ವಲಸೆ ಇಲಾಖೆಯ ಅನುಮತಿಗೆ ಅರ್ಜಿ ಹಾಕಿದೆ, ಬಂತು. ಬೀದರ್‌ನ ಒಂದು ಟ್ರಾವೆಲ್ಸ್‌ನಲ್ಲಿ ಆಗಸ್ಟ್ 20ರ ಶುಕ್ರವಾರ ರಾತ್ರಿ ಒಂಬತ್ತೂವರೆಯ ವಿಮಾನಕ್ಕೆ ಟಿಕೆಟ್ ತೆಗೆಸಿದೆ. 48 ಗಂಟೆಯೊಳಗಿನ ಆರ್‌ಟಿಪಿಸಿಆರ್ (ಕೊರೊನಾ ಟೆಸ್ಟ್) ರಿಪೋರ್ಟ್ ಬೇಕು ಎಂದರು.

ತಪ್ಪಾಗಿದ್ದು ಇಲ್ಲಿ. ಶುಕ್ರವಾರ ಮೊಹರಂ. ಲ್ಯಾಬ್‌ನಲ್ಲಿ ಜನ ಸಿಗುತ್ತಾರೋ ಇಲ್ಲವೋ ಎಂದು ಬುಧವಾರವೇ ಬೆಳಿಗ್ಗೆ 11 ಗಂಟೆಗೆ ಸ್ಯಾಂಪಲ್ ಕೊಟ್ಟೆ. ರಿಪೋರ್ಟ್ ಬಂದಿದ್ದು ಗುರುವಾರ ಸಂಜೆ. "ರಿಪೋರ್ಟ್ ಮ್ಯಾಲೆ 19ನೇ ತಾರೀಖ್ ಅದ, ಏನೂ ಆಗಲ್ರಿ ಅಣ್ಣಾ" ಎಂದ ಟ್ರಾವೆಲ್ಸ್ ಹುಡುಗ. ನಾನೂ ನಂಬಿದೆ.

ಶುಕ್ರವಾರ ಊರಲ್ಲಿ ಅಲಾಯಿ ಕುಣಿತ ನಡೆದಿತ್ತು. ಅವ್ವನ ಕಾಲಿಗೆ ಬಿದ್ದು ಹೊರಟೆ. ಜಹೀರಾಬಾದ್, ಸಂಗಾರೆಡ್ಡಿ ದಾಟಿ ನಿಲ್ದಾಣ ಸೇರಿ, ಅಲ್ಲಿನ ರ‍್ಯಾಪಿಡ್ ಪಿಸಿಆರ್‌ಗೂ ದುಡ್ಡು ಕಟ್ಟಿದೆ. ನೆಗೆಟಿವ್ ಬಂತು. ಕೌಂಟರ್‌ನಲ್ಲಿದ್ದ ಹುಡುಗಿ ನನ್ನ ಬೀದರ್ ರಿಪೋರ್ಟ್ ನೋಡಿ ತಲೆ ಅಲ್ಲಾಡಿಸಿದಳು. ಲೆಕ್ಕ ಶುರುವಾಗುವುದು ಸ್ಯಾಂಪಲ್ ಕೊಟ್ಟ ಹೊತ್ತಿನಿಂದ, ರಿಪೋರ್ಟ್ ಬಂದ ಹೊತ್ತಿನಿಂದ ಅಲ್ಲ. ವಿಮಾನ ಹೊರಡುವಾಗ 58 ಗಂಟೆ ದಾಟಿರುತ್ತಿತ್ತು. ಸಾಲದ್ದಕ್ಕೆ ರಿಪೋರ್ಟ್‌ನಲ್ಲಿ ಇರಲೇಬೇಕಿದ್ದ ಕ್ಯೂಆರ್ ಕೋಡ್ ಇರಲಿಲ್ಲ. ಕೈ ಮುಗಿದು ಕೇಳಿಕೊಂಡೆ. ಅವಳದ್ದೂ ತಪ್ಪಲ್ಲ. ಕಾಗದ ಸರಿ ಇಲ್ಲದವರನ್ನು ಕರೆದೊಯ್ದರೆ ವಾಪಸ್ ಕರೆತರುವ ಹೊಣೆ ವಿಮಾನ ಕಂಪನಿಯದ್ದೇ. ಅದಕ್ಕೇ ಅಲ್ಲಿ ಯಾರ ಕಣ್ಣೀರೂ ನಡೆಯುವುದಿಲ್ಲ.

ಆ ರಾತ್ರಿ ಹೈದರಾಬಾದ್‌ನ ಒಂದು ಲಾಡ್ಜ್‌ನಲ್ಲಿ ಮಲಗಿದೆ. ನಿದ್ದೆ ಎಲ್ಲಿಂದ ಬರಬೇಕು? ಅವ್ವನಿಗೆ ವಿಮಾನ ಲೇಟ್ ಎಂದಷ್ಟೇ ಹೇಳಿದೆ. ಶನಿವಾರ ಬೆಳಿಗ್ಗೆ ಬೇರೆ ಲ್ಯಾಬ್‌ನಲ್ಲಿ ಮತ್ತೆ ಸ್ಯಾಂಪಲ್ ಕೊಟ್ಟು, ಕ್ಯೂಆರ್ ಕೋಡ್ ಇರುವ ರಿಪೋರ್ಟ್ ಪಡೆದು, ಫೋನಿನಲ್ಲಿ ನಾನೇ ಸ್ಕ್ಯಾನ್ ಮಾಡಿ ನೋಡಿದೆ. ಭಾನುವಾರ ರಾತ್ರಿಗೆ ಹೊಸ ಟಿಕೆಟ್, ₹24,000. ಹಳೆಯ ಟಿಕೆಟ್‌ನ ದುಡ್ಡು ಮುಳುಗಿತು.

ನನ್ನ ರೂಮಿನ ಗೆಳೆಯನೊಬ್ಬ ಇನ್ನೊಂದು ರೀತಿ ಸಿಕ್ಕಿಬಿದ್ದ. ಆಗ ಜಿಡಿಆರ್‌ಎಫ್‌ಎ ಅನುಮತಿ ದುಬೈ ವೀಸಾದವರಿಗೆ ಮಾತ್ರ ಇತ್ತು. ಬೇರೆ ಎಮಿರೇಟ್‌ನ (ಯುಎಇ ಒಳಗಿನ ರಾಜ್ಯ) ವೀಸಾ ಇದ್ದವರು ಐಸಿಎ, ಅಂದರೆ ಇಡೀ ದೇಶದ ಗುರುತು ಮತ್ತು ಪೌರತ್ವ ಇಲಾಖೆಯ ಅನುಮತಿ ಕೇಳಬೇಕಿತ್ತು. ವೀಸಾದ ಫೈಲ್ ನಂಬರ್ 201ರಿಂದ ಶುರುವಾದರೆ ದುಬೈ, 101 ಅಬುಧಾಬಿ, 301 ಶಾರ್ಜಾ. ಅವನದ್ದು 301. ಇದನ್ನು ಯಾವ ಟ್ರಾವೆಲ್ಸ್‌ನವರೂ ನೋಡಿ ಹೇಳಲಿಲ್ಲ.

ಆ ಟೆಸ್ಟ್‌ಗಳೆಲ್ಲ ಈಗ ಇಲ್ಲ. ಆದರೆ ವೀಸಾ ಬೇರೆ, ಒಳಗೆ ಬಿಡುವುದು ಬೇರೆ. ಯಾವ ದೇಶಕ್ಕಾದರೂ ಹೊರಡುವ ಮುಂಚೆ ಆ ದೇಶದ ಮತ್ತು ವಿಮಾನ ಕಂಪನಿಯ ವೆಬ್‌ಸೈಟ್ ನೀವೇ ತೆರೆದು ಓದಿ. ಓದಲು ಬರದಿದ್ದರೆ ಓದುವವರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಇರುತ್ತದೆ, ಅಂಥವರಿಗೆ ಗಲ್ಫ್ ಕೆಲಸಕ್ಕೆ ನಮ್ಮ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ (ಹೊರಡಲು ಒಪ್ಪಿಗೆ) ಬೇಕು. ಅದನ್ನು ತಪ್ಪಿಸಲು ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಎನ್ನುವವನ ಕೈಗೆ ದುಡ್ಡು ಕೊಡಬೇಡಿ. ಲೈಸೆನ್ಸ್ ಇರುವ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ ₹30,000 ಮತ್ತು ಜಿಎಸ್‌ಟಿ, ಅಷ್ಟೇ. ಅವನ ಲೈಸೆನ್ಸ್ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಇದೆಯಾ ನೋಡಿ.

ಅಣ್ಣನ ಮಗನಿಗೆ ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ ಎಂದು ಕೇಳಿದೆ. ತೆಗೆದು ಓದಿದ. ಹೊರಡುವ ದಿನಕ್ಕೆ ಉಳಿಯುವುದು 5 ತಿಂಗಳು 20 ದಿನ. ಕನಿಷ್ಠ 6 ತಿಂಗಳಾದರೂ ಇರಬೇಕು. ಹೊಸದು ಮಾಡಿಸಿದರೆ ನಂಬರ್ ಬದಲಾಗುತ್ತದೆ, ವೀಸಾದಲ್ಲಿ ಇರುವುದು ಹಳೆಯ ನಂಬರ್. ಮೊದಲು ಕಂಪನಿಯವರನ್ನು ಕೇಳು, ಅಲ್ಲಿಯವರೆಗೆ ಟಿಕೆಟ್ ಬುಕ್ ಮಾಡಬೇಡ ಎಂದಿದ್ದೇನೆ.