ಮಡಿಕೇರಿಯ ಮಳೆಗೆ ಯಾವ ಜೇಕು? ಎವರ್‌ಗೋಲ್ಡ್ ಮತ್ತು ಛತ್ರಿ ಜೇಕು

ಹುಲ್ಲಿನಂತೆ ಕಾಣುವ ಜೇಕು ಎಂದರೆ ನಮ್ಮ ಕಡೆ ಗದ್ದೆಯ ಶತ್ರು. ಕೊನ್ನಾರಿ ಗಡ್ಡೆ ಕಿತ್ತು ಕಿತ್ತು ಸೋತವರ ಕಣ್ಣೆದುರೇ ಅದರ ಬಂಧುವನ್ನು ದುಡ್ಡು ಕೊಟ್ಟು ತಂದು ಅಂಗಳದಲ್ಲಿ ನೆಟ್ಟೆ. ಮೊದಲ ವರ್ಷ ನಮ್ಮಲ್ಲಿ ಕಳೆ ಕೀಳಲು ಬರುವವರು ಆರು ಬುಡಗಳಲ್ಲಿ ಎರಡನ್ನು ಕೊನ್ನಾರಿ ಎಂದೇ ತಿಳಿದು ಗೊಬ್ಬರದ ಗುಂಡಿಗೆ ಹಾಕಿದರು. ಅವರ ತಪ್ಪಿಲ್ಲ. ಹೂದಂಟನ್ನು ಬೆರಳಲ್ಲಿ ಹೊರಳಿಸಿ ನೋಡಿದರೆ ಮೂರು ಮೂಲೆ ಸಿಗುತ್ತದೆ, ಹುಲ್ಲಿನಂತೆ ಗೆಣ್ಣು ಸಿಗುವುದಿಲ್ಲ. ಬಳಗದ ಗುರುತು ಒಂದೇ.

ಈಗ ನಾಲ್ಕು ಮಳೆಗಾಲ ಕಳೆದಿವೆ. ಉಳಿದು ಸ್ಪರ್ಧೆಗೆ ನಿಂತಿರುವವು ಎರಡು: ಕ್ಯಾರೆಕ್ಸ್ ಒಶಿಮೆನ್ಸಿಸ್ ಎಂಬ ಜೇಕಿನ 'ಎವರ್‌ಗೋಲ್ಡ್' ತಳಿ ಮತ್ತು ನರ್ಸರಿಗಳಲ್ಲಿ ಅಂಬ್ರೆಲಾ ಪಾಮ್ ಎಂದು ಮಾರುವ ಛತ್ರಿ ಜೇಕು. ನ್ಯೂಜಿಲೆಂಡ್ ಮೂಲದ ಕಂಚುಬಣ್ಣದ ಕ್ಯಾರೆಕ್ಸ್ ಕೂಡ ತಂದಿದ್ದೆ. ಬಿಸಿಲು ಬೇಡುವ ಅದು ಮೊದಲ ಜುಲೈನಲ್ಲೇ ಬುಡ ಕೊಳೆತು ಹೋಯಿತು. ಮತ್ತೆ ತರುವುದಿಲ್ಲ.

ಎವರ್‌ಗೋಲ್ಡ್‌ನ ಚೆಲುವು ಎಲೆಯಲ್ಲಿದೆ. ನಡುವೆ ಕೆನೆಹಳದಿ ಪಟ್ಟೆ, ಎರಡೂ ಅಂಚಿಗೆ ಕಡುಹಸಿರು, ಒಂದಡಿ ಎತ್ತರದ ಗುಪ್ಪೆ. ಮಧ್ಯಾಹ್ನವೇ ಕತ್ತಲಾಗುವ ಕಕ್ಕಡ ಮಾಸದ (ಜುಲೈ-ಆಗಸ್ಟ್) ದಿನಗಳಲ್ಲಿ ಹಾಲವಾಣದ ಬುಡದಲ್ಲಿ ದೀಪ ಹಚ್ಚಿಟ್ಟಂತೆ ಕಾಣುತ್ತದೆ. ಆದರೆ ಇದರ ತವರು ಜಪಾನಿನ ಹೊನ್ಶು ದ್ವೀಪದ ಕಾಡು, ಬಂಡೆಯ ಇಳಿಜಾರು. ತೇವ ಬೇಕು, ನಿಂತ ನೀರು ಆಗದು. ನಾನು ಸಮತಟ್ಟಿನ ಕೆಂಪು ಮಣ್ಣಿನಲ್ಲಿ ನೆಟ್ಟವು ಆಗಸ್ಟ್ ಹೊತ್ತಿಗೆ ನಡುವಿನಿಂದ ಕಪ್ಪಾದವು. ಎಲೆ ಹಿಡಿದು ಎಳೆದರೆ ಕಂತೆಯಾಗಿ ಕೈಗೆ ಬರುತ್ತಿತ್ತು. ಮರುವರ್ಷ ಅರ್ಧ ಅಡಿ ದಿಬ್ಬ ಮಾಡಿ, ದಪ್ಪ ಮರಳು ಮತ್ತು ಕಳಿತ ತರಗೆಲೆ ಬೆರೆಸಿ, ಸುಳಿಯ ಮೇಲೆ ಮಣ್ಣು ಬೀಳದಂತೆ ನೆಟ್ಟೆ. ಅವೇ ಇಂದಿಗೂ ಇವೆ.

ಇನ್ನೊಂದು ಪಾಠ ಬೇಸಿಗೆಯಲ್ಲಿ ಸಿಕ್ಕಿತು. ಮಳೆಗೆ ಮುಂಚೆ ಮರ ಕಪಾತು ಮಾಡಿಸಿದ ವಾರದಲ್ಲೇ ನೆತ್ತಿಯ ನೆರಳು ಹೋಗಿ, ಮೇ ಬಿಸಿಲಿಗೆ ಎಲೆಯ ತುದಿಗಳು ಸುಟ್ಟ ಕಾಗದದಂತಾದವು. ಕಾಫಿ ಗಿಡಗಳ ನೆರಳನ್ನು ಅಳೆದು ಬಿಡುವ ನಾವು ಅಂಗಳದ ಗಿಡವನ್ನು ಮರೆತೇಬಿಡುತ್ತೇವೆ. ಈಗ ಅದರ ಮೇಲಿನ ಎರಡು ಕೊಂಬೆಗಳನ್ನು ಕಡಿಯಲು ಬಿಡುವುದಿಲ್ಲ.

ಪೂರ್ತಿ ಕತ್ತರಿಸಿ ಚಿಗುರಿಸುವ ಆತುರವೂ ಬೇಡ. ಕೈಗವಸು ಹಾಕಿಕೊಂಡು ಬೆರಳುಗಳಿಂದ ಬಾಚಿದರೆ ಒಣ ಎಲೆಗಳು ತಾವಾಗಿ ಬರುತ್ತವೆ. ಕೆಲವು ಜೇಕುಗಳ ಎಲೆಯಂಚು ಬೆರಳು ಕೊಯ್ಯುವಷ್ಟು ಹರಿತ, ಆದ್ದರಿಂದ ಗವಸು ಮರೆಯಬೇಡಿ. ಬುಡದಲ್ಲಿ ಪೂರಾ ಹಸಿರು ಎಲೆಯ ಮರಿ ಎದ್ದರೆ ಕೂಡಲೇ ಕಿತ್ತುಹಾಕಿ. ಅದಕ್ಕೆ ಬಲ ಹೆಚ್ಚು, ಪಟ್ಟೆ ಎಲೆಗಳನ್ನು ನುಂಗಿಬಿಡುತ್ತದೆ.

ಛತ್ರಿ ಜೇಕಿಗೆ ಈ ಯಾವ ಉಪಚಾರವೂ ಬೇಕಾಗಲಿಲ್ಲ. ಸೂರಿನ ನೀರು ಧೋ ಎಂದು ಬೀಳುವ, ಬೇರೇನೂ ಬದುಕದ ಮೂಲೆಯಲ್ಲಿ ಅದು ನಾಲ್ಕಡಿ ಎದ್ದು ನಿಂತಿದೆ. ಆಫ್ರಿಕಾ, ಮಡಗಾಸ್ಕರ್‌ಗಳ ಜೌಗಿನ ಗಿಡಕ್ಕೆ ನಮ್ಮ ಮಳೆ ಲೆಕ್ಕಕ್ಕಿಲ್ಲ. ಗಾಳಿ ಮಾತ್ರ ಕಾಡುತ್ತದೆ. ಜುಲೈನಲ್ಲಿ ಮುರಿದ ದಂಟುಗಳನ್ನು ಬುಡಕ್ಕೇ ಕತ್ತರಿಸಿದರೆ ಹೊಸತು ಬರುತ್ತದೆ. ಜನವರಿಯಿಂದ ಕಾಫಿ ಹೂ ಅರಳಿಸುವ ಮಾರ್ಚ್-ಏಪ್ರಿಲ್‌ನ ಹೂಮಳೆಯವರೆಗೆ ಬುಡ ಒಣಗಲು ಬಿಡಬಾರದು, ಪಾತ್ರೆ ತೊಳೆದ ನೀರು ಹರಿಯುವ ಜಾಗವಾದರೂ ಸಾಕು.

ಸಸಿ ಮಾಡುವುದರಲ್ಲಿ ಇದನ್ನು ಮೀರಿಸುವ ಗಿಡ ನನ್ನ ಅಂಗಳದಲ್ಲಿಲ್ಲ. ತುದಿಯಲ್ಲಿ ಹರಡಿದ ಎಲೆಗಳ ಛತ್ರಿಯನ್ನು ಎರಡಿಂಚು ದಂಟಿನ ಸಮೇತ ಕತ್ತರಿಸಿ, ಅದರ ಎಲೆಗಳನ್ನು ಅರ್ಧಕ್ಕೆ ಮೊಟಕುಗೊಳಿಸಿ, ನೀರಿನ ಬಟ್ಟಲಿನಲ್ಲಿ ತಲೆಕೆಳಗಾಗಿ ತೇಲಿಬಿಟ್ಟೆ. ಮೂರನೆಯ ವಾರ ನಡುವಿನಿಂದ ಬಿಳಿ ಬೇರು, ಪುಟ್ಟ ಚಿಗುರು. ಎವರ್‌ಗೋಲ್ಡ್ ಆದರೆ ಬುಡ ಸೀಳಿಯೇ ಹೆಚ್ಚಿಸಬೇಕು. ಬೀಜದಿಂದ ಆ ಪಟ್ಟೆ ಬರುತ್ತದೆಂಬ ಭರವಸೆಯಿಲ್ಲ.

ಛತ್ರಿ ಜೇಕಿನ ಇಷ್ಟು ಸುಲಭವಾಗಿ ಹಬ್ಬುವ ಗುಣವೇ ನನಗೆ ಭಯ. ಬೀಜ ಉದುರಿದರೂ ಹುಟ್ಟುವ ಗಿಡವಿದು. ತೋಡಿನ ಬದಿಗೆ ನೆಟ್ಟರೆ ನೀರು ಹಿಡಿದು ಎಲ್ಲಿಗೆ ಹೋಗುತ್ತದೋ ಹೇಳಲಾಗದು, ನಮ್ಮ ಕಡೆಯ ತೋಡುಗಳು ಸೇರುವುದು ಕಾವೇರಿಯನ್ನು. ತೋಡು ಹತ್ತಿರವಿದ್ದವರಿಗೆ ನಾನು ಇದರ ಸಸಿ ಕೊಡುವುದಿಲ್ಲ. ಕೇಳಿ ಬೇಸರಪಟ್ಟುಕೊಂಡವರೂ ಇದ್ದಾರೆ, ಆದರೂ ಕೊಡುವುದಿಲ್ಲ.

ಮಡಿಕೇರಿಯ ಕಡೆ ಒಂದೇ ಗಿಡ ಆರಿಸಿ ಎಂದರೆ ನಾನು ಎವರ್‌ಗೋಲ್ಡ್ ಆರಿಸುತ್ತೇನೆ, ದಿಬ್ಬ ಕಟ್ಟುವ ಶ್ರಮ ಸೇರಿಸಿಯೂ. ಮಳೆ ಕಡಿಮೆಯಿರುವ ಕುಶಾಲನಗರದ ಕಡೆಯವರು ಅದನ್ನು ಕುಂಡದಲ್ಲಿಟ್ಟು ಜಗಲಿಯ ಪೂರ್ವ ಬದಿಯಲ್ಲಿ ಬೆಳೆಸಬಹುದು, ಬೇಸಿಗೆಯಲ್ಲಿ ದಿನ ಬಿಟ್ಟು ದಿನವಾದರೂ ನೀರು ಬೇಕು. ಛತ್ರಿ ಜೇಕನ್ನು ನಾನು ಸೂರಿನ ಮೂಲೆಯಿಂದ ಆಚೆ ಬಿಟ್ಟಿಲ್ಲ. ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಅದರ ಸುತ್ತ ಒಂದಡಿ ಆಳಕ್ಕೆ ಹಂಚು ಹುಗಿಯಬೇಕು, ಹೂ ಕಂದಾಗುವ ಮೊದಲೇ ತಲೆಗಳನ್ನೆಲ್ಲ ಕತ್ತರಿಸಿಬಿಡಬೇಕು.