ಥಿಯೋರ್ಬೊಗೆ ಯಾವ ಮಂದ್ರ ತಂತಿ?

ಥಿಯೋರ್ಬೊ 16ನೇ ಶತಮಾನದ ಕೊನೆಗೆ ಇಟಲಿಯಲ್ಲಿ ಹುಟ್ಟಿದ ಉದ್ದ ಕತ್ತಿನ ಲೂಟ್, ಅಂದರೆ ಮೀಟಿ ನುಡಿಸುವ ತಂತಿವಾದ್ಯ. ಅದರ ಮಂದ್ರ ತಂತಿಗಳನ್ನು ಬೆರಳಿಟ್ಟು ಒತ್ತುವುದಿಲ್ಲ, ಸುಮ್ನೆ ಮೀಟುತ್ತಾರೆ. ದೊಡ್ಡ ವಾದ್ಯಗಳಲ್ಲಿ ಅವು ಒಂದೂವರೆ ಮೀಟರಿಗಿಂತ ಉದ್ದ.

ಆಗ ಇದ್ದದ್ದು ಕುರಿ ಕರುಳಿನ ತಂತಿ. ಕತ್ತನ್ನು ಅಷ್ಟು ಚಾಚಿದ್ದೇ ಅದಕ್ಕಾಗಿ. ಅದೇ ದಪ್ಪ, ಅದೇ ಬಿಗಿ ಇಟ್ಟು ಉದ್ದ ಎರಡರಷ್ಟು ಮಾಡಿದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ದಪ್ಪ ಹಗ್ಗದಂಥ ತಂತಿ ಬೇಕಿಲ್ಲ, ಅಲ್ವಾ? ಕರುಳಿನ ನಾದ ದುಂಡಗೆ ಎದ್ದು ಬೇಗ ಅಡಗುತ್ತದೆ. ಹಾಡಿನ ಜೊತೆ ನುಡಿಸುವಾಗ ಇದು ವರ. ಆದರೆ ಬೆಲೆ ಜಾಸ್ತಿ, ಹವೆಯ ತೇವ ಏರಿಳಿದರೆ ಶ್ರುತಿಯೂ ಅಲುಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ನಾನಂತೂ ಇದನ್ನು ಕಟ್ಟಲಾರೆ.

ಎಳೆಯ ಮೇಲೆ ಲೋಹದ ತಂತಿ ಸುತ್ತಿದ ಮಂದ್ರ ತಂತಿ 17ನೇ ಶತಮಾನದ ನಡುವಿನ ನಂತರ ಬಂತು. ಗಿಡ್ಡ ಕತ್ತಿನ ಲೂಟ್‌ಗೆ ಸರಿ. ಉದ್ದ ಕತ್ತಿಗೆ ಹಾಕಿದರೆ ಮೊಳಗು ನಿಲ್ಲುವುದೇ ಇಲ್ಲ. ಹಿಂದಿನ ಸ್ವರ ಮುಂದಿನದರ ಮೇಲೆ ಬೀಳುತ್ತದೆ, ಪ್ರತಿ ಸಲ ಕೈಯಿಂದ ಅಡಗಿಸಬೇಕು.

ಇನ್ನು ಕಾರ್ಬನ್ ಎಂದು ಮಾರುವ ಫ್ಲೋರೋಕಾರ್ಬನ್, ಒಂದು ಬಗೆಯ ಪ್ಲಾಸ್ಟಿಕ್ ಎಳೆ. ತೇವಕ್ಕೆ ಜಗ್ಗದು, ಅಗ್ಗ. ಕರುಳಿಗಿಂತ ಭಾರದ ವಸ್ತು, ಹಾಗಾಗಿ ಅದೇ ಸ್ವರಕ್ಕೆ ತೆಳು ಎಳೆ ಸಾಕು. ನಾದ ಮಾತ್ರ ತುಸು ಹರಿತ.

ಕರುಳಿನ ತೂಕಕ್ಕೇ ಹೊಂದಿಸಿದ ಸಿಂಥೆಟಿಕ್ ನೈಲ್‌ಗಟ್ ನನ್ನ ಆಯ್ಕೆ. ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಕಛೇರಿಯ ಹಿಂದಿನ ದಿನ ಮಾತ್ರ ಕಟ್ಟಬೇಡಿ.